ಪರದೆಯ ಹಿಂದೆ ನಿಂತ ಹೆತ್ತವರು

ಹಾಸನದ ಸುತ್ತಣ ಊರುಗಳಲ್ಲಿ ರಾಗಿಯ ಒಕ್ಕಣೆ ಮುಗಿದು ಹುಲ್ಲು ಬಣವೆ ಸೇರಿದ ಮೇಲೆ ಎರಡು ಬಗೆಯ ರಂಗಗಳು ಏಳುತ್ತವೆ. ಒಂದು, ಊರ ಮುಂದಿನ ಬಯಲಿನಲ್ಲಿ ಏಳುವ ‘ಕುರುಕ್ಷೇತ್ರ’ ನಾಟಕದ ರಂಗ. ಇನ್ನೊಂದು, ಶಾಲೆಯ ಅಂಗಳದಲ್ಲಿ ಏಳುವ ವಾರ್ಷಿಕೋತ್ಸವದ ರಂಗ. ಬೂವನಹಳ್ಳಿಯಾಗಲಿ, ಹೊಳೆನರಸೀಪುರವಾಗಲಿ, ಅರಕಲಗೂಡಾಗಲಿ, ಚನ್ನರಾಯಪಟ್ಟಣವಾಗಲಿ, ಈ ಸೀಮೆಯಲ್ಲಿ ಇವೆರಡನ್ನೂ ಕಾಣದೆ ಬೆಳೆದವರು ವಿರಳ. ಮೊದಲನೆಯ ರಂಗವನ್ನು ಊರೇ ಕಟ್ಟುತ್ತದೆ. ಎರಡನೆಯದನ್ನು ಯಾರು ಕಟ್ಟಬೇಕು? ಈ ಪ್ರಶ್ನೆ ಸಣ್ಣದಾಗಿ ತೋರಬಹುದು. ಆದರೆ ಇದರ ಹಿಂದೆ ನಮ್ಮ ಮಕ್ಕಳ ಕಣ್ಣೀರೂ ಇದೆ, ನಮ್ಮ ನಾಡಿನ ಒಂದು ಸೊಗಸಾದ ಚರಿತ್ರೆಯೂ ಇದೆ.

ಕಣ್ಣೀರಿನ ಮಾತನ್ನೇ ಮೊದಲು ಹೇಳುತ್ತೇನೆ. ವಾರ್ಷಿಕೋತ್ಸವದ ದಿನ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ. ಮರುದಿನ ಬೆಳಿಗ್ಗೆ ಅದು ಇರುವುದಿಲ್ಲ. ಶಿಕ್ಷಕರು ಕೇಳಿದರೆ ಮಗು ತಲೆ ತಗ್ಗಿಸುತ್ತದೆ. ತಾಯಿಯನ್ನು ಕೇಳಿದರೆ ಆಕೆಯೂ ಜ್ವರವೆಂದೇ ಹೇಳುತ್ತಾಳೆ. ಆ ಜ್ವರದ ಹೆಸರು ವೇಷದ ಬಾಡಿಗೆ. ಹಾಡಿಗೆ ಇಷ್ಟು, ಉಡುಪಿಗೆ ಇಷ್ಟು, ನೃತ್ಯ ಕಲಿಸಲು ಪಟ್ಟಣದಿಂದ ಬಂದವರಿಗೆ ಇಷ್ಟು ಎಂದು ಚೀಟಿ ಮನೆಗೆ ಬಂದಾಗ, ಕೂಲಿಯ ಮನೆಯಲ್ಲಿ ಅದನ್ನು ಓದಿ ಮಡಿಸಿಡುತ್ತಾರೆ. ಶಾಲೆಯ ಧ್ವನಿವರ್ಧಕದ ಹಾಡು ಆ ಮನೆಯವರೆಗೂ ಕೇಳಿಸುತ್ತದೆ ಎಂಬುದನ್ನು ನಾವು ಯೋಚಿಸಿದ್ದೇವೆಯೇ?

ಈಗ ಊರಿನ ರಂಗದ ಕಡೆಗೆ ತಿರುಗೋಣ. ನಮ್ಮ ಹಾಸನ, ತುಮಕೂರು, ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕವನ್ನು ಆಡುವ ಬಗೆ ನಿಮಗೆ ತಿಳಿದದ್ದೇ. ಎರಡು ಮೂರು ತಿಂಗಳ ಮೊದಲೇ ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬರುತ್ತಾರೆ. ಹಗಲು ಹೊಲದಲ್ಲಿ ದುಡಿದವನು ರಾತ್ರಿ ಭೀಮನ ಮಾತನ್ನು ಕಲಿಯುತ್ತಾನೆ. ಅಂಗಡಿಯವನು ಶಕುನಿಯಾಗುತ್ತಾನೆ, ಬಸ್ಸಿನ ಚಾಲಕ ಕೃಷ್ಣನ ಪದಗಳನ್ನು ಬಾಯಿಪಾಠ ಮಾಡುತ್ತಾನೆ. ಸೀನರಿ, ಕಿರೀಟ, ಗದೆಗಳು ಬಾಡಿಗೆಗೆ ಬರುತ್ತವೆ. ಆದರೆ ಚಪ್ಪರದ ಗಳ, ಬಂದವರಿಗೆ ಊಟ, ರಾತ್ರಿಯಿಡೀ ದೀಪ ನೋಡಿಕೊಳ್ಳುವ ಕೈ, ಇವೆಲ್ಲ ಊರಿನವೇ. ಹಣವಿಲ್ಲದವನು ತೋಳಿನ ಬಲವನ್ನಾದರೂ ಕೊಡುತ್ತಾನೆ. ಬೆಳಗಾಗುವಾಗ ‘ನಮ್ಮೂರ ನಾಟಕ’ ಎಂದು ಎಲ್ಲರೂ ಹೇಳುತ್ತಾರೆ. ಆ ‘ನಮ್ಮ’ ಎಂಬ ಮಾತಿನಲ್ಲಿ ಗಳ ಹೊತ್ತವನ ಪಾಲೂ ಇರುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಹೈಸ್ಕೂಲಿನಲ್ಲಿ ಸಂಗೀತ ನಾಟಕ ಎಂದೊಡನೆ ಅದು ಹೊರನಾಡಿನ ಪದ್ಧತಿಯೆಂದು ಕೆಲವರು ತಿಳಿಯುತ್ತಾರೆ. ಅಮೆರಿಕದ ಪ್ರೌಢಶಾಲೆಗಳಲ್ಲಿ ವರ್ಷಕ್ಕೊಂದು ಸಂಗೀತ ನಾಟಕವಾಡುವ, ತಂದೆತಾಯಿಗಳು ಸೇರಿ ಉಡುಪು ಹೊಲಿದು ರಂಗಕ್ಕೆ ಬಣ್ಣ ಬಳಿಯುವ ರೂಢಿ ಇರುವುದು ನಿಜ. ಆದರೆ ಹಾಡಿಲ್ಲದ ನಾಟಕವೇ ಕನ್ನಡದ ಹಳ್ಳಿಗೆ ಹೊಸದು. ಯಕ್ಷಗಾನ ಮೂಡಲಪಾಯವಾಗಲಿ, ಪಡುವಲಪಾಯವಾಗಲಿ, ಭಾಗವತರ ಪದವಿಲ್ಲದೆ ಮೊದಲಾಗುವುದಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ನಾಟಕ ಕಂಪನಿಯು ಹಾಡಿನಿಂದಲೇ ಜನಮನವನ್ನು ಗೆದ್ದಿತು. ಆನೆ ಕುದುರೆಗಳನ್ನು ರಂಗಕ್ಕೆ ತಂದ ಅದರ 1934ರ ‘ಕುರುಕ್ಷೇತ್ರ’ದ ನೆನಪು ಇಂದಿಗೂ ನಮ್ಮ ಹಳ್ಳಿಯ ನಾಟಕಗಳ ಬೆನ್ನಿಗಿದೆ. ಆದುದರಿಂದ ಶಾಲೆಯ ಮಕ್ಕಳು ಹಾಡುತ್ತಾ ನಾಟಕವಾಡಿದರೆ ಅವರು ಅಜ್ಜನ ಮನೆಗೇ ಹೋದಂತೆ.

ಅಂತಹ ಒಂದು ಶಾಲಾ ನಾಟಕದಿಂದಲೇ ಕನ್ನಡಕ್ಕೆ ದೊರೆತ ದೊಡ್ಡ ವ್ಯಕ್ತಿಯೊಬ್ಬರನ್ನು ಇಲ್ಲಿ ಸ್ಮರಿಸಬೇಕು. ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರು ಮೂರನೆಯ ತರಗತಿಯಲ್ಲಿದ್ದಾಗ ಮೊದಲ ಬಾರಿಗೆ ರಂಗವೇರಿದರು. ನಾಟಕ ಕುವೆಂಪು ಅವರ ‘ನನ್ನ ಗೋಪಾಲ’, ಆಡಿಸಿದವರು ಪಿ.ಕೆ. ನಾರಾಯಣ. ಆ ಬಾಲಕ ಮುಂದೆ ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿಯನ್ನು ಸೇರಿದ. ವೀರಣ್ಣನವರೇ ಅವನನ್ನು ಓದಲು ಕಾಶಿಗೆ ಕಳುಹಿಸಿದರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಅದೇ ನಗರದ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸಿ, ಮುಂದೆ ರಾಷ್ಟ್ರೀಯ ನಾಟಕ ಶಾಲೆಗೇ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನ ರಂಗಾಯಣಕ್ಕೆ ಬುನಾದಿ ಹಾಕಿ, 2002ರಲ್ಲಿ ಕಾರಂತರು ತೀರಿಕೊಂಡರು. ಕನ್ನಡ ರಂಗಸಂಗೀತ ಎಂದರೆ ಮೊದಲು ನೆನಪಾಗುವ ಹೆಸರುಗಳಲ್ಲಿ ಅವರದೂ ಒಂದು. ಕೈಗೆ ಸಿಕ್ಕ ಸಾಧಾರಣ ವಸ್ತುವಿನಿಂದಲೂ ಅವರು ನಾದವನ್ನು ಹೊರಡಿಸುತ್ತಿದ್ದರು. ಇಷ್ಟೆಲ್ಲಕ್ಕೂ ಮೊದಲ ಮೆಟ್ಟಿಲು ಒಂದು ಹಳ್ಳಿಯ ಶಾಲೆಯ ರಂಗ.

ಓದುಗರೇ, ‘ನನ್ನ ಗೋಪಾಲ’ದ ಹಿಂದಿರುವ ಕತೆ ಏನೆಂಬುದನ್ನು ನೆನಪಿಸಿಕೊಳ್ಳಿ. ಅದು ಬಂಗಾಳದಲ್ಲಿ ಶ್ರೀ ರಾಮಕೃಷ್ಣರು ಹೇಳುತ್ತಿದ್ದ, ಸ್ವಾಮಿ ವಿವೇಕಾನಂದರೂ ತಮ್ಮದೇ ರೀತಿಯಲ್ಲಿ ಬರೆದ ಕತೆ. ಬಡ ವಿಧವೆಯೊಬ್ಬಳ ಮಗ ಕಾಡು ದಾಟಿ ಶಾಲೆಗೆ ಹೋಗಬೇಕು. ಅವನಿಗೆ ಭಯ. ಕಾಡಿನಲ್ಲಿ ನಿನ್ನ ಅಣ್ಣ ಗೋಪಾಲನಿದ್ದಾನೆ, ಕರೆದರೆ ಬರುತ್ತಾನೆ ಎಂದು ತಾಯಿ ಹೇಳುತ್ತಾಳೆ. ಮಗು ನಂಬಿ ಕರೆಯುತ್ತದೆ, ಅವನು ಬರುತ್ತಾನೆ. ಒಂದು ದಿನ ಗುರುವಿನ ಮನೆಯಲ್ಲಿ ಸಮಾರಂಭ. ಶಿಷ್ಯರೆಲ್ಲ ಕಾಣಿಕೆ ತರಬೇಕು. ತಾಯಿಯ ಬಳಿ ಏನೂ ಇಲ್ಲ. ಕಾಡಿನ ಅಣ್ಣ ಕೊಟ್ಟ ಮೊಸರಿನ ಪುಟ್ಟ ಕುಡಿಕೆಯನ್ನು ಹುಡುಗ ತರುತ್ತಾನೆ. ದೊಡ್ಡ ದೊಡ್ಡ ಕಾಣಿಕೆಗಳ ನಡುವೆ ಅದನ್ನು ಕಣ್ಣೆತ್ತಿ ನೋಡುವವರಿಲ್ಲ. ಕಡೆಗೆ ಆ ಮೊಸರನ್ನು ಬೇರೆ ಪಾತ್ರೆಗೆ ಸುರಿಯುತ್ತಾರೆ; ಕುಡಿಕೆ ಮತ್ತೆ ತುಂಬಿರುತ್ತದೆ. ಸುರಿದಷ್ಟೂ ಅದು ಬರಿದಾಗುವುದಿಲ್ಲ.

ಈ ಕತೆಯನ್ನು ಕೇಳುವಾಗ ನಮಗೆ ಇನ್ನೊಬ್ಬ ಹುಡುಗ ನೆನಪಾಗದಿರುವುದಿಲ್ಲ. ಯೊವಾನ್ನನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಐದು ಜವೆಗೋಧಿಯ ರೊಟ್ಟಿ, ಎರಡು ಮೀನು ಹಿಡಿದು ನಿಂತ ಹುಡುಗನವನು. ಇಷ್ಟು ಜನರಿಗೆ ಇದು ಯಾವ ಮೂಲೆಗೆ ಎಂಬ ಸಂದೇಹ ಅಲ್ಲಿಯೂ ದೊಡ್ಡವರ ಬಾಯಿಂದಲೇ ಬರುತ್ತದೆ. ಎರಡೂ ಕಡೆ ಕಾಣಿಕೆ ಸಣ್ಣದು, ತಂದವನು ಚಿಕ್ಕವನು, ಲೆಕ್ಕ ಹಾಕುವವರು ಹಿರಿಯರು.

ನಮ್ಮ ಶಾಲೆಗಳು ಮತ್ತೆ ಮತ್ತೆ ಆಡುವ ಎರಡನೆಯ ಕತೆ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಹಳೆಯ ಐತಿಹ್ಯವನ್ನು ರಾಬರ್ಟ್ ಬ್ರೌನಿಂಗ್ 1842ರಲ್ಲಿ ಇಂಗ್ಲಿಷಿನ ಕವನವಾಗಿಸಿದ; ಕುವೆಂಪು ಅದನ್ನು ಕನ್ನಡದ ಹಳ್ಳಿಗೆ ಕರೆತಂದರು. 1284ರಲ್ಲಿ 130 ಮಕ್ಕಳು ಕಾಣೆಯಾದರೆಂದು ಹ್ಯಾಮೆಲಿನ್ನಿನವರು ಹೇಳುತ್ತಾರೆ. ಆ ಊರಿನ ದೇವಾಲಯದ ಬಣ್ಣದ ಗಾಜಿನ ಕಿಟಕಿಯೊಂದರಲ್ಲಿ ಈ ಕತೆಯನ್ನು ಚಿತ್ರಿಸಿದ್ದರೆಂಬ ಪ್ರತೀತಿಯೂ ಇದೆ. ಇಲಿಗಳನ್ನು ಓಡಿಸಿದವನಿಗೆ ಕೊಟ್ಟ ಮಾತನ್ನು ಊರಿನ ಮುಖಂಡರು ತಪ್ಪಿದರು. ಆಗ ಅವನು ಮತ್ತೆ ಊದಿದ. ಈ ಸಲ ಮಕ್ಕಳೇ ಅವನ ಹಿಂದೆ ಹೊರಟರು. ಬ್ರೌನಿಂಗನ ಕವನದಲ್ಲಿ ಒಂದು ಮಗು ಮಾತ್ರ ಉಳಿಯುತ್ತದೆ. ಕಾಲು ಕುಂಟಾದುದರಿಂದ ಉಳಿದವರೊಡನೆ ಕುಣಿಯುತ್ತಾ ಓಡಲು ಅದಕ್ಕೆ ಆಗಲಿಲ್ಲ. ನಾದ ಕಿವಿಯಲ್ಲಿದೆ, ಗೆಳೆಯರಿಲ್ಲ. ವಾರ್ಷಿಕೋತ್ಸವದ ದಿನ ‘ಜ್ವರ’ದಿಂದ ಮನೆಯಲ್ಲುಳಿದ ಮಗುವಿಗೂ ಇದೇ ಪಾಡಲ್ಲವೇ?

ಮೂರನೆಯದು ಬಿ.ವಿ. ಕಾರಂತರೇ ಮಕ್ಕಳಿಗಾಗಿ ರಚಿಸಿದ ‘ಪಂಜರ ಶಾಲೆ’. ಇದಕ್ಕೆ ಆಧಾರ ರವೀಂದ್ರನಾಥ ಠಾಕೂರರ ಗಿಳಿಯ ಕತೆ. ಹಾಡಿಕೊಂಡು ಹಾರಾಡುತ್ತಿದ್ದ ಹಕ್ಕಿಗೆ ವಿದ್ಯೆ ಕಲಿಸಬೇಕೆಂದು ರಾಜನ ಅಪ್ಪಣೆಯಾಗುತ್ತದೆ. ಅಕ್ಕಸಾಲಿಗ ಚಿನ್ನದ ಪಂಜರ ಮಾಡುತ್ತಾನೆ. ಪಂಡಿತರು ಬರುತ್ತಾರೆ, ಲಿಪಿಕಾರರು ಗ್ರಂಥಗಳ ರಾಶಿ ಹಾಕುತ್ತಾರೆ. ಎಲ್ಲರಿಗೂ ಸಂಭಾವನೆ ಸಿಗುತ್ತದೆ, ಎಲ್ಲರೂ ಪಂಜರವನ್ನು ಹೊಗಳುತ್ತಾರೆ. ಹಕ್ಕಿಯನ್ನು ನೋಡಿದಿರಾ ಎಂದು ಯಾರೋ ಕೇಳಿದಾಗಲೇ ಅದನ್ನು ಮರೆತಿದ್ದುದು ರಾಜನಿಗೆ ಅರಿವಾಗುವುದು. ಅಷ್ಟರಲ್ಲಿ ಹಕ್ಕಿಗೆ ಹಾಡಲು ಬಾಯಿ ತೆರೆಯುವಷ್ಟೂ ಎಡೆಯಿಲ್ಲ. ಕಡೆಗೆ ಅದು ಸತ್ತೇ ಹೋಗುತ್ತದೆ.

ಈ ಮೂರೂ ಮಕ್ಕಳ ನಾಟಕಗಳೆಂದು ಹೆಸರಾದವು. ಆದರೆ ಸ್ವಲ್ಪ ನಿಧಾನಿಸಿ ನೋಡಿ. ಮೂರೂ ನಿಜವಾಗಿ ದೊಡ್ಡವರನ್ನು ಕುರಿತ ಕತೆಗಳೇ. ಬಡ ತಾಯಿಯ ಕುಡಿಕೆಯನ್ನು ಕಡೆಗಣಿಸುವವರು ದೊಡ್ಡವರು. ಮಾತಿಗೆ ತಪ್ಪಿ ಮಕ್ಕಳನ್ನು ಕಳೆದುಕೊಳ್ಳುವವರು ದೊಡ್ಡವರು. ಪಂಜರವನ್ನು ಮೆರುಗುಗೊಳಿಸಿ ಹಕ್ಕಿಯನ್ನು ಮರೆಯುವವರೂ ದೊಡ್ಡವರೇ. ಮಕ್ಕಳು ರಂಗದ ಮೇಲೆ ನಿಂತು ಇದನ್ನು ನಮ್ಮ ಮುಖಕ್ಕೆ ಹೇಳುತ್ತಾರೆ. ನಾವು ಮುಂದಿನ ಸಾಲಿನಲ್ಲಿ ಕುಳಿತು, ಮೊಬೈಲು ಎತ್ತಿ ಹಿಡಿದು, ನಮ್ಮ ಮಗುವಿನ ಭಾಗ ಬಂದಾಗ ಮಾತ್ರ ಚಿತ್ರ ತೆಗೆಯುತ್ತೇವೆ.

ಹಣ ಕಟ್ಟುವುದು, ಚಿತ್ರ ತೆಗೆಯುವುದು: ಇಂದು ಅನೇಕ ಶಾಲೆಗಳಲ್ಲಿ ಹೆತ್ತವರಿಗೆ ಉಳಿದಿರುವ ಕೆಲಸ ಇವೆರಡೇ. ಹಾಡು ಧ್ವನಿಮುದ್ರಿಕೆಯಿಂದ ಬರುತ್ತದೆ. ಮಗು ತುಟಿಯನ್ನಷ್ಟೇ ಆಡಿಸುತ್ತದೆ. ಉಡುಪು ಬಾಡಿಗೆಯದು, ಒಂದು ಸಂಜೆಯಲ್ಲಿ ಹಾಕಿ ಅಂದೇ ಹಿಂದಿರುಗಿಸಬೇಕು. ಕುಣಿತವನ್ನು ಕಲಿಸಿದವರಿಗೆ ಮಕ್ಕಳ ಹೆಸರೂ ತಿಳಿಯದು. ಎಲ್ಲವೂ ಅಚ್ಚುಕಟ್ಟಾಗಿದೆ, ಆದರೆ ಹಕ್ಕಿ ಹಾಡಲಿಲ್ಲ.

ಹೀಗಲ್ಲದ ದಾರಿ ಇದೆಯೇ ಎಂದು ನೀವು ಕೇಳಬಹುದು. ಇದೆ, ಅದು ಹಳೆಯ ದಾರಿಯೂ ಹೌದು. ಕಾರಂತರ ಪತ್ನಿ ಪ್ರೇಮಾ ಕಾರಂತರು ನಾಟಕದ ವಸ್ತ್ರವಿನ್ಯಾಸದಲ್ಲಿ ಪರಿಣತರಾಗಿದ್ದವರು. ಅವರು 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ನಾಟಕ ಕೇಂದ್ರವನ್ನು ಆರಂಭಿಸಿದರು. ಅದರ ಮೊದಲ ನಾಟಕ ‘ಅಳಿಲು ರಾಮಾಯಣ’. ಸೇತುವೆ ಕಟ್ಟುವಾಗ ಮೈಗೆ ಮರಳು ಅಂಟಿಸಿಕೊಂಡು ಬಂದು ಕೊಡವಿದ ಅಳಿಲಿನ ಕತೆ ನಮ್ಮ ನಾಡಿನ ಮನೆಮನೆಯದು. ‘ಅಳಿಲು ಸೇವೆ’ ಎಂಬ ಮಾತನ್ನು ನಾವು ವಿನಯಕ್ಕಾಗಿ ದಿನವೂ ಬಳಸುತ್ತೇವೆ. ಮಕ್ಕಳ ರಂಗವನ್ನು ಕಟ್ಟುವ ಕೆಲಸ ಅಂತಹ ಸೇವೆಗಳ ಮೊತ್ತವೇ ಹೊರತು ಬೇರೇನೂ ಅಲ್ಲ.

ಮಲೆನಾಡಿನ ಹೆಗ್ಗೋಡನ್ನು ನೋಡಿ. ಸಾಗರದ ಬಳಿಯ ಆ ಸಣ್ಣ ಹಳ್ಳಿಯಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ 1949ರಲ್ಲಿ ಹುಟ್ಟಿದಾಗ ಅದನ್ನು ಕಟ್ಟಿದವರು ಅಡಿಕೆ ತೋಟದ ರೈತರು. ನಾವು ಅದನ್ನು ‘ನೀನಾಸಂ’ ಎಂದು ಬಲ್ಲೆವು. ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು, 1985ರಿಂದ ‘ತಿರುಗಾಟ’ದ ತಂಡ ನಾಡಿನ ಊರೂರಿಗೆ ನಾಟಕ ಕೊಂಡೊಯ್ದಿತು, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಊರಿನವರು ನೋಡುಗರಾಗಿಯಷ್ಟೇ ಉಳಿಯದೆ ಆಡುವವರೂ ಕಟ್ಟುವವರೂ ಆದುದೇ ಅದರ ಬೇರು.

ದೂರದ ಉದಾಹರಣೆಯೊಂದನ್ನೂ ಹೇಳಬಹುದು. ಜರ್ಮನಿಯ ಬವೇರಿಯಾದಲ್ಲಿ ಒಬರಮ್ಮರ್ಗಾವ್ ಎಂಬ ಹಳ್ಳಿಯಿದೆ. 1633ರಲ್ಲಿ ಪ್ಲೇಗು ಮಾರಿಯಿಂದ ನೊಂದ ಜನ, ಪ್ರಭು ಕ್ರಿಸ್ತರ ಯಾತನೆಯ ನಾಟಕವನ್ನು ಆಡುತ್ತೇವೆಂದು ಹರಕೆ ಹೊತ್ತರು. 1634ರಲ್ಲಿ ಮೊದಲ ಪ್ರದರ್ಶನವಾಯಿತು. ಈಗ ಹತ್ತು ವರ್ಷಕ್ಕೊಮ್ಮೆ ಅದು ನಡೆಯುತ್ತದೆ. ಕೊರೋನಾ ಪಿಡುಗಿನಿಂದಾಗಿ 2020ರ ಸರದಿ 2022ಕ್ಕೆ ಹೋಯಿತು. ಆ ಊರಲ್ಲಿ ಹುಟ್ಟಿದವರು ಅಥವಾ 20 ವರ್ಷ ಅಲ್ಲಿ ಬಾಳಿದವರು ಮಾತ್ರ ಅದರಲ್ಲಿ ಪಾತ್ರ ವಹಿಸಬಹುದು. ಮಕ್ಕಳೂ ಮುದುಕರೂ ಒಂದೇ ರಂಗದಲ್ಲಿ ನಿಲ್ಲುತ್ತಾರೆ. ಹಾಡುವ ಮೇಳವೂ ಊರಿನದೇ. ಸುಮಾರು ನಾಲ್ಕು ನೂರು ವರ್ಷ ಒಂದು ನಾಟಕ ಬದುಕಿ ಉಳಿದದ್ದು ಅದನ್ನು ಯಾರೂ ಗುತ್ತಿಗೆಗೆ ಕೊಡದಿದ್ದುದರಿಂದ.

ನಮ್ಮ ಮನೆಗಳಲ್ಲಿ ಕ್ರಿಸ್ತ ಜಯಂತಿಗೆ ಇಡುವ ಗೋದಲಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1223ರಲ್ಲಿ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚಿಯೊ ಎಂಬಲ್ಲಿ ಹುಲ್ಲು ಹಾಸಿ, ಎತ್ತು ಕತ್ತೆಗಳನ್ನು ತರಿಸಿ, ಬೆತ್ಲೆಹೇಮಿನ ಇರುಳನ್ನು ಜನರ ಕಣ್ಣ ಮುಂದೆ ನಿಲ್ಲಿಸಿದರು. ಆ ಸೀಮೆಯ ಗಂಡಸರೂ ಹೆಂಗಸರೂ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಬತ್ತಿ ಪಂಜುಗಳನ್ನು ಸಿದ್ಧಮಾಡಿ ತಂದರೆಂದು ಸಂತರ ಚರಿತ್ರೆಯನ್ನು ಬರೆದ ಚೆಲಾನೊದ ತೋಮಸ್ ತಿಳಿಸುತ್ತಾನೆ. ‘ಶಕ್ತಿಗೆ ತಕ್ಕಂತೆ’ ಎಂಬ ಆ ಮಾತನ್ನು ಶಾಲೆಯ ಚೀಟಿ ಬರೆಯುವವರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಹಾಗಾದರೆ ನಮ್ಮ ಹೈಸ್ಕೂಲುಗಳಲ್ಲಿ ಮಾಡಬೇಕಾದುದೇನು? ಮೊದಲು, ಊರಿನಲ್ಲಿ ಏನಿದೆ ಎಂದು ನೋಡಬೇಕು. ಬೂವನಹಳ್ಳಿಯಂಥ ಯಾವ ಊರಿನಲ್ಲಾದರೂ ಒಂದು ತರಗತಿಯ ಹೆತ್ತವರನ್ನು ಸೇರಿಸಿ ಕೇಳಿದರೆ ಹೊಲಿಗೆ ಬಲ್ಲ ತಾಯಂದಿರು ಸಿಗುತ್ತಾರೆ. ಬಡಗಿಯೊಬ್ಬ, ವೈರಿಂಗ್ ಕೆಲಸದವನೊಬ್ಬ, ಆಟೋ ಓಡಿಸುವವನೊಬ್ಬ ಸಿಗುತ್ತಾನೆ. ಕುರುಕ್ಷೇತ್ರದಲ್ಲಿ ಹತ್ತಾರು ವರ್ಷ ತಬಲ ಬಾರಿಸಿದ ಅಜ್ಜನೂ ಸಿಗಬಹುದು. ಹಳೆಯ ಸೀರೆ ಅರಸನ ಮೇಲುಹೊದಿಕೆಯಾಗುತ್ತದೆ, ರಟ್ಟಿಗೆ ಬಣ್ಣ ಬಳಿದರೆ ಕಿರೀಟವಾಗುತ್ತದೆ. ಹಣ ಕೊಡಲಾರದ ತಾಯಿ ಎರಡು ಸಂಜೆ ಬಂದು ಗುಂಡಿ ಹಾಕಿಕೊಟ್ಟರೆ ಆಕೆಯ ಮಗುವಿಗೆ ಜ್ವರ ಬರುವ ಕಾರಣವೇ ಇರುವುದಿಲ್ಲ. ಆಕೆ ಮುಂದಿನ ಸಾಲಿನಲ್ಲಿ ಸಂಕೋಚವಿಲ್ಲದೆ ಕೂರುತ್ತಾಳೆ.

ಎರಡನೆಯದಾಗಿ, ಹಾಡು ಮಕ್ಕಳ ಕೊರಳಿನದೇ ಆಗಿರಲಿ. ಶ್ರುತಿ ತಪ್ಪಬಹುದು, ಒಂದು ಸಾಲು ಮರೆಯಬಹುದು. ಆ ತಪ್ಪನ್ನು ಮುಚ್ಚಲು ಪಕ್ಕದ ಮಗು ದನಿಯೇರಿಸಿದಾಗ ಅವರು ಕಲಿಯುವ ಪಾಠ ಯಾವ ಪುಸ್ತಕದಲ್ಲಿಯೂ ಇಲ್ಲ. ಮೂರನೆಯದಾಗಿ, ಹತ್ತನೆಯ ತರಗತಿಯವರ ಪರೀಕ್ಷೆಗೆ ತೊಂದರೆಯಾಗದಂತೆ ಅಭ್ಯಾಸದ ವೇಳೆಯನ್ನು ಮೊದಲೇ ಗೊತ್ತುಮಾಡಬೇಕು. ಸಂಜೆ ತಡವಾದರೆ ಹೆಣ್ಣುಮಕ್ಕಳನ್ನು ಮನೆ ಮುಟ್ಟಿಸುವ ಹೊಣೆಯನ್ನು ತಂದೆತಾಯಿಗಳೇ ಸರದಿಯ ಮೇಲೆ ಹೊರಬೇಕು. ವೇಷ ತೊಡಿಸುವ ಕೋಣೆಯಲ್ಲಿ ತಾಯಂದಿರು, ಶಿಕ್ಷಕಿಯರು ಇರಲೇಬೇಕು.

ಇಲ್ಲಿ ಎಚ್ಚರಿಕೆಯ ಮಾತೂ ಅಗತ್ಯ. ಊರಿನ ರಂಗದಲ್ಲಿ ಪಾತ್ರಕ್ಕೆ ಹಣ ಕಟ್ಟುವ ರೂಢಿಯಿದೆ. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು. ದುಡಿಯುವ ಹಿರಿಯರು ತಮ್ಮ ಆಸೆಗೆ ಹಾಗೆ ಕಟ್ಟಿದರೆ ನಾವು ಆಕ್ಷೇಪಿಸಬೇಕಾಗಿಲ್ಲ. ಆದರೆ ಆ ಪದ್ಧತಿ ಶಾಲೆಯ ಬಾಗಿಲನ್ನು ದಾಟಬಾರದು. ಸೌಂಡ್ ಸಿಸ್ಟಂ ಕೊಡಿಸಿದವರ ಮಗನಿಗೇ ಕೃಷ್ಣನ ಪಾತ್ರ ಎಂದಾದರೆ, ನೆರವಾಗಲು ಬಂದ ಹೆತ್ತವರೇ ಮಕ್ಕಳಿಗೆ ಕೆಡುಕು ಮಾಡಿದಂತಾಗುತ್ತದೆ. ಪಾತ್ರ ಹಂಚುವುದು ಶಿಕ್ಷಕರ ಕೆಲಸ. ಚಪ್ಪರ ಹಾಕುವುದು ನಮ್ಮ ಕೆಲಸ. ಚಪ್ಪರ ಹಾಕಿದವನಿಗೆ ನಾಟಕದ ಕತೆ ಬದಲಾಯಿಸುವ ಹಕ್ಕಿಲ್ಲ.

ಕಾನೂನು ಕೂಡ ಹೆತ್ತವರನ್ನು ಹೊರಗಿನವರೆಂದು ಎಣಿಸಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪೋಷಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಲ್ಲಿಯೇ ರೂಪುಗೊಂಡವು. ಎಂಟನೆಯ ತರಗತಿಯವರೆಗಿನ ಶಿಕ್ಷಣಕ್ಕೆ ಸಂಬಂಧಿಸಿದ 2009ರ ಶಿಕ್ಷಣ ಹಕ್ಕು ಕಾಯ್ದೆ, ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಹೇಳುತ್ತದೆ. ಸಭೆಯ ಪುಸ್ತಕದಲ್ಲಿ ರುಜು ಹಾಕುವುದರೊಡನೆ ಈ ಹಕ್ಕು ಮುಗಿಯಬೇಕಾಗಿಲ್ಲ. ಸುತ್ತಿಗೆಯನ್ನೋ ಸೂಜಿದಾರವನ್ನೋ ಹಿಡಿದು ಬಂದವರು ಶಾಲೆಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಮಾಡಿನ ಹೆಂಚು ಒಡೆದಿರುವುದು ಅವರಿಗೆ ಆಗ ಕಾಣುತ್ತದೆ. ಕಡೆಯ ಬೆಂಚಿನ ಮಗುವಿನ ಹೆಸರೂ ತಿಳಿಯುತ್ತದೆ.

ಪ್ರಿಯ ಓದುಗರೇ, ರಂಗದ ಮೇಲೆ ಹಾಡಿದವರ ಹೆಸರನ್ನು ಚರಿತ್ರೆ ಕೆಲವೊಮ್ಮೆ ಬರೆದಿಡುತ್ತದೆ. ಪರದೆ ಎಳೆದವರ ಹೆಸರನ್ನು ಬರೆಯುವುದಿಲ್ಲ. ಮೊಸರಿನ ಕುಡಿಕೆಯ ಕತೆಯಲ್ಲಿಯೂ ಆ ಬಡ ತಾಯಿಗೆ ನೆನಪಿಟ್ಟುಕೊಳ್ಳುವಂತಹ ಹೆಸರಿಲ್ಲ. ಆದರೂ ಅವಳಿಲ್ಲದೆ ಮಗು ಕಾಡು ದಾಟುತ್ತಿರಲಿಲ್ಲ. ಈ ಸಲ ನಿಮ್ಮ ಶಾಲೆಯಿಂದ ವಾರ್ಷಿಕೋತ್ಸವದ ಚೀಟಿ ಬಂದಾಗ ಹಣವನ್ನು ಲಕೋಟೆಯಲ್ಲಿಟ್ಟು ಕಳುಹಿಸಿ ಸುಮ್ಮನಾಗಬೇಡಿ. ಒಂದು ಸಂಜೆ ನೀವೇ ಹೋಗಿ, ನನ್ನಿಂದ ಏನಾಗಬೇಕು ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಹಾಗೆಯೇ ನೆರೆಮನೆಯ ಆ ಮಗುವಿನ ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಈ ವರ್ಷ ನಿಮ್ಮ ಶಾಲೆಯಲ್ಲಿ ಯಾವ ಮಗುವಿಗೂ ಅಂದು ಜ್ವರ ಬಾರದಿರಲಿ.